ಮಿಲ್ಲಲ್ಲಿ ಕೆಲಸ ಮಾಡ್ತಿದ್ದ ವಾಲೆಂಟೀನಾ ತೆರೆಷ್ಕೋವಾ ಬಗ್ಗೆ ಗೊತ್ತಿದ್ದೋರು ಹೇಳ್ರಿ, ಮಗಳ ಭಾಷಣಕ್ಕೆ ಬೇಕು

ನಿಟ್ಟುವಳ್ಳಿ ಅಮ್ಮ
ಸೋಮವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ ರೀ. ನಾವು ದಾವಣಗೆರೆ ನಿಟ್ಟುವಳ್ಳಿಯೋರು. ನನ್ನ ಮಗಳು ಎಂಟನೇ ಕ್ಲಾಸು, ಫೆಬ್ರವರಿ 28ಕ್ಕೆ ಸ್ಕೂಲಲ್ಲಿ ವಿಜ್ಞಾನ ದಿನ ಐತೆ, ಐದು ನಿಮಿಷ ಮಾತಾಡ್ಬೇಕು ಅಂತ ಹೇಳಿದಾರೆ. ಇವಳು ಎಲ್ಲೋ ಓದ್ಕೊಂಡು ಬಂದು ನಾನು ವಾಲೆಂಟೀನಾ ತೆರೆಷ್ಕೋವಾ ಬಗ್ಗೆನೇ ಮಾತಾಡೋದು ಅಂತ ಹಠ ಹಿಡಿದು ಕೂತಾಳೆ. ಕಾರಣ ಏನಂದ್ರೆ ಆಕೆ ಹತ್ತಿ ಮಿಲ್ಲಲ್ಲಿ ಕೆಲಸ ಮಾಡ್ತಿದ್ಲಂತೆ, ನಮ್ಮತ್ತೆನೂ ಇಲ್ಲೇ ಮಿಲ್ಲಲ್ಲಿ ರೀಲಿಂಗ್ ಸೆಕ್ಷನ್‌ನಾಗೆ ಹದಿನಾರು ವರ್ಷ ದುಡಿದೋರು, ಮಿಲ್ಲು ಬಾಗಿಲು ಹಾಕೋವರೆಗೂ. ಈಗ ವಯಸ್ಸಾಗೈತೆ, ಕಿವಿ ಸ್ವಲ್ಪ ಮಂದ, ಮಿಷಿನ್ ಸದ್ದಿಗೆ ಹೋಗಿದ್ದು.

ಮೊನ್ನೆ ರಾತ್ರಿ ಅಕ್ಕಿ ಆರಿಸ್ತಾ ಕೂತಿದ್ರು, ಇವಳು ಹೋಗಿ ಕಿವಿ ಹತ್ರ ಜೋರಾಗಿ ಹೇಳಿದ್ಲು, ಅಜ್ಜಿ, ಮೊಟ್ಟಮೊದ್ಲು ಬಾಹ್ಯಾಕಾಶಕ್ಕೆ ಹೋದ ಹೆಂಗಸು ನಿನ್ ಥರನೇ ಮಿಲ್ಲಿಗೆ ಹೋಗ್ತಿದ್ಲು ಅಂತ. ಅತ್ತೆ ಮೊರ ಕೆಳಗಿಟ್ರು. ನೂಲು ಸುತ್ತೋ ಹೆಣ್ಮಗಳನ್ನ ಅಲ್ಲಿಗೆ ಯಾರವ್ವ ಕರ್ಕೊಂಡು ಹೋಗ್ತಾರೆ, ಸುಳ್ಳು ಹೇಳ್ಬೇಡ ಅಂದ್ರು. ಇವಳು ಮೊಬೈಲಲ್ಲಿ ಫೋಟೋ ತೋರಿಸಿದ್ಲು, ಅದನ್ನ ಹಿಡ್ಕೊಂಡು ಬಾಳ ಹೊತ್ತು ನೋಡಿದ್ರು, ಏನೂ ಮಾತಾಡ್ಲಿಲ್ಲ.

ಆದ್ರೆ ಸ್ಕೂಲಲ್ಲಿ ಟೀಚರ್ ಒಬ್ರು ಬೇಡ ಅಂದಾರೆ. ಆಕೆ ಪೈಲಟ್ಟೂ ಅಲ್ಲ ಇಂಜಿನಿಯರ್ರೂ ಅಲ್ಲ, ರಷ್ಯಾದೋರು ಅಮೆರಿಕಕ್ಕೆ ತೋರಿಸೋಕೆ ಅಂತ ಸುಮ್ನೆ ಕೂರಿಸಿ ಕಳಿಸಿದ್ರು, ಎಲ್ಲಾ ಮಿಷಿನ್ನೇ ಮಾಡ್ತು, ನೀನು ಕಲ್ಪನಾ ಚಾವ್ಲಾ ಬಗ್ಗೆ ಮಾತಾಡು ಅಂತ. ಕಲ್ಪನಾ ಚಾವ್ಲಾ ಬಗ್ಗೆ ನಮಗೂ ಅಷ್ಟೇ ಗೌರವ ಐತೆ ರೀ, ಅದು ಬೇರೆ ಮಾತು. ಆದ್ರೆ ಹುಡುಗಿ ಅವತ್ತು ಮನೆಗೆ ಬಂದು ಊಟನೂ ಮಾಡ್ಲಿಲ್ಲ. ಅಜ್ಜಿಗೆ ಹೇಳಿದ್ದು ಸುಳ್ಳಾಯ್ತಲ್ಲಮ್ಮ ಅಂತಾಳೆ.

ನಾನು ಓದಿದ್ದು ಬಿಕಾಂ, ನನಗಿದು ತಿಳಿಯಲ್ಲ. ಆಕೆ ನಿಜವಾಗ್ಲೂ ಮಿಲ್ಲಿನೋಳಾ, ಮಿಲ್ಲಿಂದ ಅಲ್ಲಿಗೆ ಹೆಂಗೆ ಹೋದ್ಲು, ಮೇಲೆ ಹೋಗಿ ಏನಾದ್ರೂ ಮಾಡಿದ್ಲಾ ಅಥವಾ ಟೀಚರ್ ಹೇಳಿದ್ದೇ ಸರಿನಾ? ಗೊತ್ತಿದ್ದೋರು ದಯವಿಟ್ಟು ಬಿಡಿಸಿ ಹೇಳ್ರಿ.


ಜೋಗಿಮಟ್ಟಿ ಗಾಳಿ
ಸೋಮವಾರ, ರಾತ್ರಿ 11:15

ಮೇಡಂ, ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡೋನು. ನಿಮ್ಮ ಮಗಳು ಅಜ್ಜಿಗೆ ಒಂದಕ್ಷರನೂ ಸುಳ್ಳು ಹೇಳಿಲ್ಲ, ಮೊದ್ಲು ಅದನ್ನ ಅವಳಿಗೆ ಹೇಳ್ಬಿಡಿ, ಊಟ ಮಾಡ್ಲಿ.

ವಾಲೆಂಟೀನಾ ಹುಟ್ಟಿದ್ದು 1937 ಮಾರ್ಚ್ 6, ರಷ್ಯಾದ ಯಾರೋಸ್ಲಾವ್ಲ್ ಪ್ರಾಂತ್ಯದ ಒಂದು ಹಳ್ಳಿ, ಹೆಸರು ಬೊಲ್ಷೋಯೆ ಮಾಸ್ಲೆನ್ನಿಕೊವೊ. ಅಪ್ಪ ಟ್ರ್ಯಾಕ್ಟರ್ ಡ್ರೈವರು. ಫಿನ್‌ಲ್ಯಾಂಡ್ ಮೇಲಿನ ಯುದ್ಧಕ್ಕೆ ಹೋದೋರು ವಾಪಸ್ ಬರ್ಲಿಲ್ಲ, ಆಗ ಇವಳಿಗೆ ಇನ್ನೂ ಮೂರು ತುಂಬಿರಲಿಲ್ಲ. ತಾಯಿ ಮೂರು ಮಕ್ಕಳನ್ನ ಕಟ್ಕೊಂಡು ಯಾರೋಸ್ಲಾವ್ಲ್ ಪೇಟೆಗೆ ಬಂದು ಬಟ್ಟೆ ಗಿರಣಿ ಸೇರಿದ್ರು. ಕ್ರಾಸ್ನಿ ಪೆರೆಕೋಪ್ ಅಂತ, ವೋಲ್ಗಾ ನದಿ ಊರಿನ ಬಾಳ ಹಳೇ ಗಿರಣಿ, 1722ರಲ್ಲಿ ಶುರುವಾಗಿದ್ದು. ಇವಳು ಮೊದ್ಲು 1954ರಲ್ಲಿ ಟೈರ್ ಫ್ಯಾಕ್ಟರಿಗೆ ಸೇರಿ, ಮುಂದಿನ ವರ್ಷ ತಾಯಿ ಅಕ್ಕ ಇದ್ದ ಗಿರಣಿಗೇ ಬಂದ್ಲು. ಹಗಲು ಗಿರಣಿ, ಉಳಿದ ಟೈಮಲ್ಲಿ ಓದು, ಹಂಗೇ 1960ರಲ್ಲಿ ಜವಳಿ ಡಿಪ್ಲೊಮಾ ಮುಗಿಸಿದ್ಲು. ಅಂದ್ರೆ ಟೀಚರ್ ಹೇಳಿದ ಹಾಗೆ ಪೈಲಟ್ ಅಲ್ಲ ಅನ್ನೋದು ಆಯ್ಕೆ ಆದ ದಿನದ ಮಟ್ಟಿಗೆ ನಿಜ. ಸುಮ್ನೆ ಕೂರಿಸಿ ಕಳಿಸಿದ್ರು ಅನ್ನೋದು ಮಾತ್ರ ತಪ್ಪು, ಅದಕ್ಕೆ ಆಮೇಲೆ ಬರ್ತೀನಿ.

ಈಗ ಹೆಂಗೆ ಹೋದ್ಲು ಅನ್ನೋದು. ಇದನ್ನ ಭಾಷಣದಲ್ಲಿ ಹೇಳ್ಲೇಬೇಕು ಅವಳು. ಆ ಗಿರಣಿ ಊರಲ್ಲಿ ಒಂದು ಏರೋಕ್ಲಬ್ ಇತ್ತು, ಕೆಲಸಗಾರರ ಮಕ್ಕಳು ಹೋಗಿ ಪ್ಯಾರಾಚೂಟ್ ಹಾರೋದು ಕಲೀಬಹುದಿತ್ತು. 1959 ಮೇ 21ಕ್ಕೆ ಇವಳು ಮೊದಲ್ನೇ ಸಲ ಹಾರಿದ್ಲು, ಇಪ್ಪತ್ತೆರಡು ವರ್ಷ. ಆಮೇಲೆ ಬಿಡಲೇ ಇಲ್ಲ, ಸುಮಾರು 90 ಸಲ ಹಾರಿದ್ಲು.

ಪ್ಯಾರಾಚೂಟಿಗೂ ರಾಕೆಟ್ಟಿಗೂ ಏನು ಸಂಬಂಧ ಅಂತೀರಾ, ಕೇಳಿ. ಆಗಿನ ಸೋವಿಯತ್ ನೌಕೆ ವೊಸ್ತೋಕ್, ಗಗನಯಾತ್ರಿ ಕೂರೋ ಜಾಗ ಒಂದು ಲೋಹದ ಗುಂಡು, ಅಡ್ಡಳತೆ 2.3 ಮೀಟರ್, ನೀವು ಒಳಗೆ ನಿಂತು ಕೈ ಮೇಲೆತ್ತಿದ್ರೆ ತಾಗುತ್ತೆ ಅಷ್ಟೇ. ವಾಪಸ್ ಬರೋವಾಗ ಆ ಗುಂಡಿಗೂ ಒಂದು ಪ್ಯಾರಾಚೂಟ್ ಇರ್ತಿತ್ತು, ಆದ್ರೂ ಅದು ನೆಲಕ್ಕೆ ಬಡಿಯೋ ಏಟು ಒಳಗಿರೋ ಮನುಷ್ಯ ತಡ್ಕೊಳ್ಳೋ ಅಂಥದ್ದಲ್ಲ. ಹಂಗಾಗಿ ನೆಲದಿಂದ ಸುಮಾರು 7 ಕಿ.ಮೀ. ಎತ್ತರದಲ್ಲಿ ಬಾಗಿಲು ಸಿಡಿದು ಹೋಗಿ ಸೀಟು ಸಮೇತ ಮನುಷ್ಯನ್ನ ಹೊರಗೆ ಎಸೀತಿತ್ತು, ಆಮೇಲೆ ಸೀಟೂ ಬಿಟ್ಟು ಹೋಗಿ ಸ್ವಂತ ಪ್ಯಾರಾಚೂಟಲ್ಲಿ ಇಳೀಬೇಕು. ಮೊಟ್ಟಮೊದ್ಲು ಬಾಹ್ಯಾಕಾಶಕ್ಕೆ ಹೋದ ಗಗಾರಿನ್ ಇಳಿದಿದ್ದೂ ಹಂಗೇ, ಆದ್ರೆ ದಾಖಲೆ ನಿಯಮದ ಪ್ರಕಾರ ನೌಕೆ ಒಳಗೇ ಇಳೀಬೇಕಿತ್ತು ಅಂತ ಸೋವಿಯತ್‌ನೋರು ಅದನ್ನ ವರ್ಷಗಟ್ಟಲೆ ಮುಚ್ಚಿಟ್ರು. ನಮ್ಮ ಕಡೆ ಲೆಕ್ಕ ಬೇಕಂದ್ರೆ, 2023 ಏಪ್ರಿಲ್ 2ಕ್ಕೆ ಚಳ್ಳಕೆರೆ ಹತ್ರದ ಟೆಸ್ಟ್ ರೇಂಜಲ್ಲಿ ಇಸ್ರೋದೋರು ಹೆಲಿಕಾಪ್ಟರಿಂದ ರೆಕ್ಕೆ ಇರೋ ನೌಕೆ ಬಿಟ್ಟು ಇಳಿಸಿದ್ರಲ್ಲ, ಅದನ್ನ ಬಿಟ್ಟಿದ್ದು 4.5 ಕಿ.ಮೀ. ಎತ್ತರದಿಂದ. ಈ ಹೆಣ್ಮಗಳು ಹೊರಗೆ ಬಂದಿದ್ದು ಅದಕ್ಕಿಂತ ಮೇಲಿಂದ, ಮೂರು ದಿನ ತೂಕ ಇಲ್ಲದೇ ಇದ್ದ ಮೈಯಲ್ಲಿ.

ನೌಕೆ ಓಡಿಸೋದು ಬಹುಪಾಲು ಆಟೋಮ್ಯಾಟಿಕ್, ಇಳಿಯೋದು ಮಾತ್ರ ಮನುಷ್ಯನ ಕೆಲಸ. ಅದಕ್ಕೇ ಅವರು ಹೆಂಗಸರನ್ನ ಹುಡುಕಿದ್ದು ಏರೋಕ್ಲಬ್‌ಗಳಲ್ಲಿ. ವಯಸ್ಸು 30ರ ಒಳಗೆ, ಎತ್ತರ 170 ಸೆಂ.ಮೀ. ಒಳಗೆ, ತೂಕ 70 ಕೆ.ಜಿ. ಒಳಗೆ, ಪ್ಯಾರಾಚೂಟ್ ಬರ್ಬೇಕು. 1962ರ ಶುರುವಲ್ಲಿ ಐದು ಜನ ಆಯ್ಕೆಯಾದ್ರು.

ಅಮೆರಿಕದಲ್ಲಿ ಅದೇ ಟೈಮಲ್ಲಿ ಏನಾಯ್ತು ನೋಡಿ. ಜೆರ್ರಿ ಕಾಬ್ ಅನ್ನೋ ಪೈಲಟ್ ಸೇರಿ 13 ಹೆಂಗಸರು ಗಗನಯಾತ್ರಿಗಳಿಗೆ ಮಾಡೋ ಮೆಡಿಕಲ್ ಟೆಸ್ಟೆಲ್ಲ ಪಾಸಾದ್ರು. ಆದ್ರೆ ನಾಸಾ ಕೇಳ್ತಿದ್ದಿದ್ದು ಮಿಲಿಟರಿ ಜೆಟ್ ಟೆಸ್ಟ್ ಪೈಲಟ್ ಆಗಿರ್ಬೇಕು ಅಂತ, ಹೆಂಗಸರಿಗೆ ಆ ಕೆಲಸಕ್ಕೆ ಸೇರೋಕೇ ಬಿಡ್ತಿರಲಿಲ್ಲ. ಸಾವಿರಾರು ಗಂಟೆ ವಿಮಾನ ಹಾರಿಸಿದೋರೂ ನೆಲದ ಮೇಲೇ ಉಳಿದ್ರು. ಇಲ್ಲಿ ಗಿರಣಿ ಹುಡುಗಿ ಹೋದ್ಲು, ಯಾಕಂದ್ರೆ ಕೇಳಿದ ವಿದ್ಯೆ ಅವಳು ನಡ್ಕೊಂಡು ಹೋಗಿ ಕಲಿಯೋ ಅಷ್ಟು ದೂರದಲ್ಲಿತ್ತು. ಅಜ್ಜಿ ಕೇಳಿದ್ರಲ್ಲ ಯಾರು ಕರ್ಕೊಂಡು ಹೋಗ್ತಾರೆ ಅಂತ, ನನಗೆ ತಿಳಿದ ಉತ್ತರ ಇದು.


ಕೆಟಿಜೆ ನಗರ ಎನ್‌ಸಿಸಿ
ಮಂಗಳವಾರ, ಬೆಳಿಗ್ಗೆ 7:05

ಅಕ್ಕ, ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾನು ದಾವಣಗೆರೆಯಲ್ಲಿ ಡಿಗ್ರಿ ಓದೋವಾಗ ಎನ್‌ಸಿಸಿಲಿದ್ದೆ, ಆಗ್ರಾದಲ್ಲಿ ಪ್ಯಾರಾ ಕ್ಯಾಂಪಿಗೆ ಹೋಗಿ ಹಾರಿ ಬಂದೋಳು. ನಮ್ಮದು ಸಾವಿರದ ಚಿಲ್ಲರೆ ಅಡಿಯಿಂದ, ಪ್ಯಾರಾಚೂಟಿನ ದಾರ ವಿಮಾನದ ಒಳಗೇ ಕೊಕ್ಕೆ ಹಾಕಿರ್ತಾರೆ, ನಾವು ಹೊರಗೆ ಬಿದ್ರೆ ತಾನೇ ಬಿಚ್ಕೊಳ್ಳುತ್ತೆ. ಅಷ್ಟಕ್ಕೇ ನನಗೆ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಎರಡು ವಾರ ನೆಲದ ಮೇಲೆ ಬೀಳೋದೇ ಕಲಿಸ್ತಾರೆ, ಬೀಳೋದು ಅಂದ್ರೆ ಸುಮ್ನೆ ಅಲ್ಲ, ಎರಡೂ ಕಾಲು ಜೋಡಿಸಿ ಮೊಣಕಾಲು ಸ್ವಲ್ಪ ಮಡಚಿ ಪಾದ, ಮೀನಖಂಡ, ತೊಡೆ, ಪಕ್ಕೆ ಹಿಂಗೆ ಒಂದಾದ ಮೇಲೊಂದು ನೆಲಕ್ಕೆ ತಾಗಿಸ್ತಾ ಹೊರಳ್ಬೇಕು. ಕಾಲು ಒಂಚೂರು ಬಿಡಿಯಾದ್ರೂ ಇನ್‌ಸ್ಟ್ರಕ್ಟರ್ ಮತ್ತೆ ಕಟ್ಟೆ ಹತ್ತಿಸೋರು, ತೊಡೆ ಎಲ್ಲಾ ನೀಲಿಗಟ್ಟಿತ್ತು ನಂದು.

ಬಾಗಿಲಲ್ಲಿ ನಿಂತಾಗ ಗಾಳಿ ಮುಖಕ್ಕೆ ಹೊಡೆದು ಕಣ್ಣು ತುಂಬ್ಕೊಂಡು ಕೆಳಗೆ ಹೊಲ ಎಲ್ಲಾ ಕಲಸಿದಂಗೆ ಕಾಣ್ತದೆ, ಆಮೇಲೆ ಪ್ಯಾರಾಚೂಟ್ ಬಿಚ್ಕೊಂಡ ತಕ್ಷಣ ಆ ಸದ್ದೆಲ್ಲಾ ನಿಂತುಬಿಡುತ್ತೆ ಅಕ್ಕ, ಕೆಳಗೆ ಎಲ್ಲೋ ಯಾರೋ ಕೂಗಿದ್ದೂ ಕೇಳುತ್ತೆ, ಅಷ್ಟು ನಿಶ್ಶಬ್ದ. ತೆರೆಷ್ಕೋವಾ ಇಳಿಯೋವಾಗ ಕೆಳಗೆ ನೋಡಿದ್ರೆ ಕೆರೆ ಕಾಣಿಸ್ತಂತೆ. ಮೂರು ದಿನ ಬೆಲ್ಟಲ್ಲಿ ಕಟ್ಟಿದ್ದ ಮೈಗೆ ನೀರಲ್ಲಿ ಈಜೋ ಶಕ್ತಿ ಇರುತ್ತಾ? ಗಾಳಿ ಜೋರಾಗಿದ್ದಿದ್ದಕ್ಕೆ ಕೆರೆ ದಾಟಿಸಿ ನೆಲಕ್ಕೆ ತಂದು ಹಾಕ್ತು. ಆದ್ರೆ ಜೋರು ಗಾಳಿಲಿ ಇಳಿಯೋದು ಏನು ಅಂತ ಹಾರಿದೋರಿಗೇ ಗೊತ್ತು, ಇಳಿದ ಮೇಲೂ ಚೂಟ್ ಗಾಳಿ ತುಂಬ್ಕೊಂಡು ದರದರ ಎಳೀತದೆ. ಆಕೆ ಮುಖಕ್ಕೂ ಪೆಟ್ಟಾಗಿತ್ತು. ಸುಮ್ನೆ ಕೂರಿಸಿ ಕಳಿಸಿದ್ರು ಅನ್ನೋರು ಒಂದ್ಸಲ ಆ ಬಾಗಿಲ ಹತ್ರ ಬಂದು ನಿಲ್ಲಬೇಕು ಅನ್ಸುತ್ತೆ ನನಗೆ.

ಇನ್ನೊಂದು, ಆಕೆ ಅಮ್ಮನಿಗೂ ಹೇಳಿರಲಿಲ್ಲ. ಪ್ಯಾರಾಚೂಟ್ ತಂಡದ ಟ್ರೈನಿಂಗಿಗೆ ಹೋಗ್ತೀನಿ ಅಂದು ಹೋದೋಳು, ಅವರಮ್ಮನಿಗೆ ಗೊತ್ತಾಗಿದ್ದು ರೇಡಿಯೋದಲ್ಲಿ. ನಾನೂ ಅಪ್ಪಾಜಿಗೆ ಹೇಳದೇ ಅವ್ವನ ಸೈನ್ ಮಾತ್ರ ಹಾಕಿಸ್ಕೊಂಡು ಆಗ್ರಾಕ್ಕೆ ಹೋಗಿದ್ದೆ, ಅದಕ್ಕೆ ಈ ವಿಷಯ ಓದಿದಾಗೆಲ್ಲ ಗಂಟಲು ಕಟ್ಟುತ್ತೆ.


ಮಿಲ್ ಕ್ವಾರ್ಟರ್ಸ್ ಹುಡುಗ
ಮಂಗಳವಾರ, ಮಧ್ಯಾಹ್ನ 2:30

ಅಕ್ಕಾರೆ, ನಿಮ್ಮತ್ತೆಯವರಿಗೆ ನಮಸ್ಕಾರ ತಿಳಿಸ್ರಿ. ನಮ್ಮಪ್ಪನೂ ದಾವಣಗೆರೆ ಮಿಲ್ಲಲ್ಲೇ ಇದ್ದೋರು, ಸ್ಪಿನ್ನಿಂಗ್‌ನಾಗೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಪುಸ್ತಕದಾಗೆ ಓದಿದ ಊರು ನಮ್ದು, ಈಗಿನ ಹುಡುಗ್ರು ಬೆಣ್ಣೆ ದೋಸೆ ಊರು ಅಂತಾರೆ ಅಷ್ಟೇ. ಬೆಳಿಗ್ಗೆ ಸೈರನ್ ಆಗೋ ಮುಂಚೆ ಸೈಕಲ್ ಸಾಲು ಹೋಗೋದು, ಸಂಜೆ ಬರೋವಾಗ ಎಲ್ಲರ ತಲೆ ಮೇಲೂ ಹತ್ತಿ ಧೂಳು, ನಮ್ಮಪ್ಪ ಬಂದ ತಕ್ಷಣ ಹುಬ್ಬು ಮೀಸೆಯಿಂದ ಅರಳೆ ಎಳೆ ತೆಗೀತಿದ್ದೆ ನಾನು. ತೊಡೆ ಮೇಲೆ ಕೂತ್ಕೊಂಡು.

ಮಿಲ್ಲಿನ ಕೆಲಸ ಅಂದ್ರೆ ಕೈಲಾಗದೋರ ಕೆಲಸ ಅನ್ನೋ ಹಾಗೆ ಮಾತಾಡ್ತಾರೆ ಜನ, ನನಗದು ಸಂಕಟ ಆಗ್ತದೆ. ನೂರಾರು ಕದಿರು ತಿರುಗ್ತಿರ್ತಾವೆ, ಅದರಾಗೆ ಯಾವ ಎಳೆ ಕಡೀತು ಅಂತ ಆ ಸದ್ದಿನಾಗೆ, ಆ ಧೂಳಿನಾಗೆ, ರಾತ್ರಿ ಪಾಳಿಯ ಮೂರು ಗಂಟೆಗೂ ಕಣ್ಣಿಗೆ ಬೀಳ್ಬೇಕು, ಮಿಷಿನ್ ನಿಲ್ಲಿಸದೇನೇ ಎಳೆ ಕೂಡಿಸ್ಬೇಕು. ಬೆರಳು ಸ್ವಲ್ಪ ಆಚೀಚೆ ಆದ್ರೆ ಹೋಯ್ತು. ನಮ್ಮಪ್ಪನ ಬಲಗೈ ತೋರುಬೆರಳಿನ ತುದಿ ನುಣ್ಣಗೆ ಗಾಜಿನ ಥರ ಆಗಿತ್ತು, ನೂಲು ಹಿಡಿದು ಹಿಡಿದು ಗೆರೆನೇ ಉಳಿದಿರಲಿಲ್ಲ. ಹಂಗೆ ಗಂಟೆಗಟ್ಟಲೆ ಒಂದೇ ಕಡೆ ಕಣ್ಣಿಟ್ಟು ಕೂತ್ಕೊಳ್ಳೋ ತಾಳ್ಮೆ ಆ ಹೆಣ್ಮಗಳಿಗೆ ಗುಂಡಿನಂಥ ನೌಕೆ ಒಳಗೆ ಕೆಲಸಕ್ಕೆ ಬಂದಿರ್ಲೇಬೇಕು ಅಂತ ನನ್ನ ನಂಬಿಕೆ.

ಆಗ ಮಿಲ್ ಯೂನಿಯನ್ ಆಫೀಸಿಗೆ ಸೋವಿಯತ್ ಪತ್ರಿಕೆ ಬರೋದು, ಕನ್ನಡದಾಗೆ, ದಪ್ಪ ನುಣುಪು ಕಾಗದ. ಓದಿ ಆದ ಮೇಲೆ ಎಲ್ಲರ ಮನೆ ಮಕ್ಕಳ ನೋಟ್‌ಬುಕ್ಕಿಗೂ ಅದೇ ರಟ್ಟು. ನನ್ನ ಗಣಿತದ ಪುಸ್ತಕದ ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಹೆಂಗಸಿನ ಮುಖ ಇತ್ತು, ಹೆಲ್ಮೆಟ್ ಮೇಲೆ ನಾಕು ಅಕ್ಷರ, ಅದೇನೋ ರಷ್ಯನ್ನು. ಅಪ್ಪ ಇವಳೂ ನಮ್ಮ ಥರ ಮಿಲ್ಲಿನೋಳು ಕಣೋ ಅಂತಿದ್ರು, ನಾನೂ ನಿಮ್ಮತ್ತೆ ಥರನೇ ನಂಬಿರಲಿಲ್ಲ.


ದುಗ್ಗಮ್ಮನ ಪೇಟೆ
ಮಂಗಳವಾರ, ರಾತ್ರಿ 8:50

ಎಲ್ಲಾರೂ ಚೆನ್ನಾಗಿ ಬರೆದೀರಿ, ಆದ್ರೆ ಹುಡುಗಿ ಸ್ಟೇಜ್ ಮೇಲೆ ನಿಂತಾಗ ಟೀಚರ್ ಎದುರು ಪ್ರಶ್ನೆ ಹಾಕಿದ್ರೆ ತಡವರಿಸ್ಬಾರ್ದು, ಅದಕ್ಕೆ ಇನ್ನೊಂದು ಕಡೇನೂ ಹೇಳ್ತೀನಿ.

ಆ ಐದು ಜನರಲ್ಲಿ ಓದಿನಲ್ಲಿ, ವಿಮಾನದಲ್ಲಿ ಮುಂದಿದ್ದೋರು ಪೊನೊಮರ್ಯೋವಾ, ಪೈಲಟ್ಟೂ ಹೌದು ಇಂಜಿನಿಯರ್ರೂ ಹೌದು. ಪ್ಯಾರಾಚೂಟಲ್ಲಿ ತೆರೆಷ್ಕೋವಾಗಿಂತ ಎಷ್ಟೋ ಪಾಲು ಹೆಚ್ಚು ಹಾರಿದ್ದೋರು ಸೊಲೊವ್ಯೋವಾ. ಆದ್ರೂ ತೆರೆಷ್ಕೋವಾನ್ನೇ ಆರಿಸಿದ್ರು. ಯಾಕಂದ್ರೆ ಗಿರಣಿ ಕೆಲಸದ ಹುಡುಗಿ, ಅಪ್ಪ ಯುದ್ಧದಲ್ಲಿ ಸತ್ತೋರು, ಗಿರಣಿಯ ಯುವಕರ ಪಾರ್ಟಿ ಸಂಘಟನೆಯಲ್ಲೂ ಇದ್ಲು, ನೋಡ್ರಿ ನಮ್ಮ ದೇಶದಾಗೆ ಕೂಲಿಯೋರ ಮಕ್ಕಳು ಎಲ್ಲಿಗೆ ಹೋಗ್ತಾರೆ ಅಂತ ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಜಗತ್ತಿಗೆ ತೋರಿಸ್ಬೇಕಿತ್ತು. ಪ್ರಚಾರ ಇತ್ತು, ಇಲ್ಲ ಅನ್ನೋಕಾಗಲ್ಲ. ಟ್ರೈನಿಂಗ್ ನೋಡ್ಕೊಳ್ತಿದ್ದ ಜನರಲ್ ಕಮಾನಿನ್ ಅವರ ಡೈರಿ ಆಮೇಲೆ ಹೊರಗೆ ಬಂತು, ಅದರಲ್ಲಿ ಆಕೆಗೆ ಕೆಲವು ಪ್ರಯೋಗ ಮಾಡೋಕಾಗಲಿಲ್ಲ, ನೌಕೆ ತಿರುಗಿಸೋದು ಮೊದಲ ಸಲ ಸರಿಯಾಗಲಿಲ್ಲ, ಒಮ್ಮೆ ವಾಂತಿ ಆಯ್ತು ಅನ್ನೋದೂ ಐತೆ. ಟೀಚರ್ ಇಂಥದ್ದೇನಾದ್ರೂ ಓದಿರ್ಬಹುದು.

ಇನ್ನೊಂದು ವಿಷಯ ನನಗೆ ನೋವಾಗಿದ್ದು. ಆಕೆ 2011ರಿಂದ ರಷ್ಯಾ ಪಾರ್ಲಿಮೆಂಟ್ ಮೆಂಬರು. 2020ರಲ್ಲಿ ಅಧ್ಯಕ್ಷರ ಅವಧಿ ಲೆಕ್ಕವನ್ನ ಮತ್ತೆ ಸೊನ್ನೆಯಿಂದ ಶುರು ಮಾಡ್ಬೇಕು ಅನ್ನೋ ತಿದ್ದುಪಡಿ ತಂದಿದ್ದು ಈಕೆನೇ, ಪುಟಿನ್ ಮತ್ತೆ ನಿಲ್ಲೋಕೆ ದಾರಿ ಆಗಿದ್ದು ಅದ್ರಿಂದ. ಚಿಕ್ಕಂದಿನಿಂದ ಆಕೆ ಫೋಟೋ ಇಟ್ಕೊಂಡಿದ್ದೋನು ನಾನು, ಅವತ್ತು ತೆಗೆದಿಟ್ಟೆ. ಹುಡುಗಿ ಭಾಷಣದಲ್ಲಿ ಇದನ್ನ ಹೇಳ್ಬೇಕಂತಿಲ್ಲ, ಆದ್ರೆ ತಿಳ್ಕೊಂಡಿರ್ಲಿ.


ಜೋಗಿಮಟ್ಟಿ ಗಾಳಿ
ಮಂಗಳವಾರ, ರಾತ್ರಿ 10:20

ಪೇಟೆ ಸರ್ ಹೇಳಿದ್ದೆಲ್ಲಾ ಸರಿ, ರಾಜಕೀಯದ ವಿಷಯದಲ್ಲಿ ನಂದೂ ಅದೇ ನೋವು. ಆದ್ರೆ ಕಮಾನಿನ್ ಡೈರಿ ಪಕ್ಕದಲ್ಲಿ ಇನ್ನೊಂದನ್ನ ಇಟ್ಟು ನೋಡ್ಬೇಕು. ನಾನು ಆಮೇಲೆ ಬರ್ತೀನಿ ಅಂದಿದ್ದು ಇದಕ್ಕೇ.

1963 ಜೂನ್ 14ಕ್ಕೆ ಬಿಕೋವ್‌ಸ್ಕಿ ಅನ್ನೋ ಗಗನಯಾತ್ರಿ ವೊಸ್ತೋಕ್ 5ರಲ್ಲಿ ಹೋದ್ರು, ಜೂನ್ 16ಕ್ಕೆ ಬೈಕನೂರ್ ಉಡಾವಣಾ ಕೇಂದ್ರದಿಂದ ಇವಳು ವೊಸ್ತೋಕ್ 6ರಲ್ಲಿ, ಇಪ್ಪತ್ತಾರು ವರ್ಷ. ರೇಡಿಯೋದಲ್ಲಿ ಕರೆಯೋ ಹೆಸರು ಚಾಯ್ಕಾ, ಅಂದ್ರೆ ಕಡಲಹಕ್ಕಿ. ಎರಡು ನೌಕೆ ಒಂದು ಹಂತದಲ್ಲಿ ಸುಮಾರು 5 ಕಿ.ಮೀ. ಹತ್ರ ಬಂದಿದ್ವು. ಮೇಲೆ ಹೋದ ಮೇಲೆ ಇವಳಿಗೆ ಒಂದು ತಪ್ಪು ಕಾಣಿಸ್ತು, ನೌಕೆಯನ್ನ ಯಾವ ದಿಕ್ಕಿಗೆ ಮುಖ ಮಾಡಿಸ್ಬೇಕು ಅನ್ನೋ ಆಟೋಮ್ಯಾಟಿಕ್ ಸೆಟ್ಟಿಂಗೇ ಉಲ್ಟಾ ಇತ್ತು.

ಇದನ್ನ ಹುಡುಗಿಗೆ ಹಿಂಗೆ ತಿಳಿಸಿ. ಭೂಮಿಗೆ ವಾಪಸ್ ಬರ್ಬೇಕಂದ್ರೆ ನೌಕೆ ಓಡ್ತಿರೋ ದಿಕ್ಕಿಗೆ ಎದುರಾಗಿ ಎಂಜಿನ್ ಉರಿಸ್ಬೇಕು, ಬ್ರೇಕ್ ಹಾಕ್ದಂಗೆ, ಆಗ ವೇಗ ಕಮ್ಮಿಯಾಗಿ ಕೆಳಗೆ ಇಳೀತದೆ. ಮುಖ ಉಲ್ಟಾ ಇದ್ರೆ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದಂಗೆ, ನೌಕೆ ಇನ್ನೂ ಮೇಲಕ್ಕೆ ಹೋಗುತ್ತೆ, ವಾಪಸ್ ಬರೋ ದಾರಿ ಇಲ್ಲ. ಆ ಗುಂಡಿನೊಳಗೆ ಗಾಳಿ, ಊಟ ಇರೋದು ಲೆಕ್ಕದ ದಿನಕ್ಕೆ. ಇವಳು ಅದನ್ನ ಹಿಡಿದು ಕೆಳಗೆ ತಿಳಿಸಿದ್ಲು, ಕೆಳಗಿನೋರು ಲೆಕ್ಕ ಸರಿ ಮಾಡಿ ಹೊಸ ಅಂಕಿ ಕಳಿಸಿದ್ರು, ಇವಳು ಹಾಕ್ಕೊಂಡ್ಲು. ಮುಖ್ಯ ವಿನ್ಯಾಸಕ ಕೊರೊಲ್ಯೋವ್ ಇದನ್ನ ಯಾರಿಗೂ ಹೇಳ್ಬೇಡ ಅಂತ ಕೇಳ್ಕೊಂಡ್ರು. ತಪ್ಪು ಮಾಡಿದೋನಿಗೆ ಶಿಕ್ಷೆ ಆಗ್ಬಾರ್ದು ಅಂತ ಇವಳು ಒಪ್ಕೊಂಡು ದಶಕಗಳ ಕಾಲ ಬಾಯಿ ಬಿಡ್ಲಿಲ್ಲ. ಆ ದಶಕಗಳೆಲ್ಲ ಜನ ಏನಂದ್ರು? ಆಕೆಗೆ ನೌಕೆ ತಿರುಗಿಸೋಕೆ ಬರ್ಲಿಲ್ಲ ಅಂದ್ರು. ಮಾತು ಕೊಟ್ಟಿದ್ದಕ್ಕೆ ಆ ಕೆಟ್ಟ ಹೆಸರನ್ನ ತಾನೇ ಹೊತ್ಕೊಂಡ್ಲು. ನಾನು ಕ್ಲಾಸಲ್ಲಿ ರೆಟ್ರೋ ಫೈರಿಂಗ್ ಪಾಠ ಮಾಡೋವಾಗ ಪ್ರತಿ ವರ್ಷ ಇದನ್ನ ಹೇಳ್ತೀನಿ, ಹಿಂದಿನ ಬೆಂಚಿನೋರೂ ಸುಮ್ನಾಗಿ ಕೇಳ್ತಾರೆ.

ಮೂರು ದಿನ ಬೆಲ್ಟ್ ಬಿಚ್ಚದೇ, ಸೂಟು ಹೆಲ್ಮೆಟ್ ತೆಗೀದೇ ಇದ್ಲು, ಹೆಲ್ಮೆಟ್ ಭುಜಕ್ಕೆ ಒತ್ತಿ ನೋವು, ಒಂದು ಕಾಲು ಮೊಣಕಾಲ ಕೆಳಗೆ ಸೆಳೀತಿತ್ತು. ಪ್ರಯೋಗದ ಕೆಲವು ಸಾಮಾನು ಕೈಗೆ ಎಟುಕ್ತಿರಲಿಲ್ಲ. ಹಲ್ಲುಜ್ಜೋ ಪೇಸ್ಟ್ ಇಟ್ಟಿದ್ರು, ಬ್ರಷ್ ಇಡೋದು ಮರೆತಿದ್ರು, ಬೆರಳಲ್ಲೇ ಉಜ್ಜಿದ್ಲು. ಹಿಂಗಿದ್ದೂ 48 ಸುತ್ತು, 70 ಗಂಟೆ 50 ನಿಮಿಷ. ಅಲ್ಲೀವರೆಗೆ ಅಮೆರಿಕದ ಆರು ಮರ್ಕ್ಯುರಿ ಯಾನ ಎಲ್ಲಾ ಕೂಡಿಸಿದ್ರೂ 54 ಗಂಟೆ ಆಗ್ತಿರಲಿಲ್ಲ. ಆಕೆ ದಿಗಂತದ ಫೋಟೋ ತೆಗೆದಿದ್ದು ಆಮೇಲೆ ವಾತಾವರಣದ ಧೂಳಿನ ಪದರ ಗುರುತಿಸೋಕೆ ಉಪಯೋಗಕ್ಕೆ ಬಂತು. ಇವತ್ತಿಗೂ ಭೂಮಿ ಸುತ್ತ ಒಬ್ಬಳೇ ಹೋಗಿ ಬಂದ ಹೆಂಗಸು ಅಂದ್ರೆ ಇವಳೊಬ್ಬಳೇ.

ಪ್ರಚಾರ ಅಂದಿದ್ದಕ್ಕೆ ಒಂದು ಮಾತು ಸರ್. ಪ್ರಚಾರ ಮಾಡಿದ್ದು ಅವಳಲ್ಲ, ಸರ್ಕಾರ. ಅದರಿಂದ ಏಟು ತಿಂದೋರು ಈ ಐದು ಜನಾನೇ. ಒಂದ್ಸಲ ತೋರಿಸಿ ಆಯ್ತಲ್ಲ ಅಂತ ಮತ್ತೆ ಯಾರನ್ನೂ ಕಳಿಸ್ಲಿಲ್ಲ, 1969ರಲ್ಲಿ ಹೆಂಗಸರ ತಂಡನೇ ಬರ್ಖಾಸ್ತ್ ಮಾಡಿದ್ರು. ಉಳಿದ ನಾಲ್ಕು ಜನ ಎಂದೂ ಹೋಗ್ಲಿಲ್ಲ. ಎರಡನೇ ಹೆಂಗಸು ಸ್ವೆತ್ಲಾನಾ ಸವಿತ್ಸ್ಕಾಯಾ ಹೋಗಿದ್ದು 1982ರಲ್ಲಿ, 19 ವರ್ಷ ಆದ್ಮೇಲೆ. ಅಮೆರಿಕದ ಸ್ಯಾಲಿ ರೈಡ್ 1983 ಜೂನ್‌ನಲ್ಲಿ. ತೆರೆಷ್ಕೋವಾನೂ ಸುಮ್ನೆ ಕೂರ್ಲಿಲ್ಲ, ಜುಕೋವ್‌ಸ್ಕಿ ವಾಯುಪಡೆ ಅಕಾಡೆಮಿಯಲ್ಲಿ 1969ಕ್ಕೆ ಇಂಜಿನಿಯರಿಂಗ್ ಮುಗಿಸಿ 1977ಕ್ಕೆ ನಮ್ಮ ಪಿಎಚ್‌ಡಿಯಂಥ ಪದವಿನೂ ತಗೊಂಡ್ಲು. ಟೀಚರಿಗೆ ಇದನ್ನೂ ಹೇಳಲಿ, ಇಂಜಿನಿಯರ್ ಅಲ್ಲ ಅಂದಿದ್ರಲ್ಲ.


ಕೆಟಿಜೆ ನಗರ ಎನ್‌ಸಿಸಿ
ಬುಧವಾರ, ಬೆಳಿಗ್ಗೆ 6:50

ಸರ್, ಆ ದಿಕ್ಕಿನ ವಿಷಯ ನನಗೆ ಗೊತ್ತೇ ಇರಲಿಲ್ಲ, ರಾತ್ರಿ ಎರಡು ಸಲ ಓದಿದೆ. ಪೇಟೆ ಅಣ್ಣ, ನಮ್ಮ ಗಗನಯಾನಕ್ಕೆ 2024ರಲ್ಲಿ ಹೆಸರು ಹೇಳಿದ ನಾಲ್ಕೂ ಜನ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ಗಂಡಸರು. ಅವರ ಬಗ್ಗೆ ಹೆಮ್ಮೆ ಐತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾವ ಕೆಲಸದೋರನ್ನ ಆರಿಸ್ತೀವಿ ಅಂತ ಮೊದ್ಲೇ ಬರೆದಿಟ್ರೆ ಯಾರು ಬರ್ತಾರೆ ಯಾರು ಬರಲ್ಲ ಅನ್ನೋದೂ ಅಲ್ಲೇ ಗೊತ್ತಾಗಿಬಿಡುತ್ತೆ, ಸರ್ ಮೊದಲ್ನೇ ಸಲ ಹೇಳಿದ್ದು ಇದೇ ಅಲ್ವಾ. ದಾವಣಗೆರೆಯಲ್ಲಿ ಒಂದು ಹುಡುಗಿಗೆ ಹಾರೋದು ಕಲೀಬೇಕು ಅನ್ಸಿದ್ರೆ ಎನ್‌ಸಿಸಿ ಬಿಟ್ರೆ ಎಲ್ಲಿಗೆ ಹೋಗ್ಬೇಕು ಹೇಳ್ರಿ.


ನಿಟ್ಟುವಳ್ಳಿ ಅಮ್ಮ
ಗುರುವಾರ, ರಾತ್ರಿ 9:10

ಎಲ್ಲಾರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ ರೀ. ಎಲ್ಲಾನೂ ಮಗಳಿಗೆ ಓದಿ ಹೇಳ್ದೆ, ಅವಳು ಅಜ್ಜಿಗೆ ಕಿವಿ ಹತ್ರ ಕೂಗಿ ಹೇಳಿದ್ಲು. ಬೆರಳಲ್ಲಿ ಹಲ್ಲುಜ್ಜಿದ್ಲು ಅಂದಿದ್ದಕ್ಕೆ ಅತ್ತೆ ನಕ್ಕು, ನಾವೂ ಅಷ್ಟೇ, ಬೆಳಿಗ್ಗೆ ಶಿಫ್ಟಿಗೆ ಇದ್ದಿಲು ಪುಡಿ ಬೆರಳಲ್ಲೇ ಉಜ್ಜಿ ಓಡ್ತಿದ್ವಿ ಅಂದ್ರು. ಅಪ್ಪ ಯುದ್ಧಕ್ಕೆ ಹೋಗಿ ಬರ್ಲಿಲ್ಲ, ತಾಯಿ ಮೂರು ಮಕ್ಕಳು ಕಟ್ಕೊಂಡು ಮಿಲ್ಲಿಗೆ ಬಂದ್ಲು ಅನ್ನೋ ಕಡೆ ಮಾತ್ರ ಮತ್ತೆ ಹೇಳು ಅಂದ್ರು. ಮಗಳು ಮತ್ತೆ ಹೇಳಿದ್ಲು. ನಮ್ಮತ್ತೆ ಮಿಲ್ಲಿಗೆ ಸೇರಿದ್ದೂ ನಮ್ಮ ಮಾವ ತೀರ್ಕೊಂಡ ಮೇಲೆ, ನಮ್ಮ ಮನೆಯೋರಿಗೆ ಆಗ ನಾಲ್ಕು ವರ್ಷ.

ಕ್ವಾರ್ಟರ್ಸ್ ಅಣ್ಣಾರು ಎಳೆ ಕೂಡಿಸೋದು ಬರೆದಿದ್ರಲ್ಲ, ಅದನ್ನ ಕೇಳಿ ಅತ್ತೆ ಹೊಲಿಗೆ ಡಬ್ಬಿ ತರಿಸಿ ದಾರ ಹರಿದು ಒಂದೇ ಕೈಯಾಗೆ ಗಂಟು ಹಾಕಿ ತೋರಿಸಿದ್ರು. ಕಣ್ಣು ಸರಿ ಕಾಣಲ್ಲ, ನೋಡದೇನೇ ಹಾಕಿದ್ರು, ಗಂಟು ಎಲ್ಲೈತೆ ಅಂತ ಬೆರಳಿಗೆ ಸಿಗಲ್ಲ ಅಷ್ಟು ಸಣ್ಣದು. ಮಗಳು ಎರಡು ದಿನದಿಂದ ಅದೇ ಕಲೀತಿದಾಳೆ, ಭಾಷಣ ಶುರು ಮಾಡೋವಾಗ ಸ್ಟೇಜ್ ಮೇಲೆ ಹಾಕಿ ತೋರಿಸ್ತೀನಿ ಅಂತಾಳೆ. ಟೀಚರ್ ಹತ್ರ ನಾನೇ ಹೋಗಿ ಮಾತಾಡ್ದೆ, ಸರ್ ಬರೆದಿದ್ದು ತೋರಿಸ್ದೆ, ಓದಿ ಆಯ್ತು ಮಾತಾಡ್ಲಿ ಅಂದ್ರು.

ಒಂದೇ ಒಂದು ಸಹಾಯ ಬೇಕಿತ್ತು ಸರ್. ಅವಳು ಚಾರ್ಟ್ ಬರೀತಿದಾಳೆ, ಹೋಗದೇ ಉಳಿದ ನಾಲ್ಕು ಜನರ ಹೆಸರನ್ನೂ ತೆರೆಷ್ಕೋವಾ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೀಬೇಕಂತೆ. ಪೂರ್ತಿ ಹೆಸರು ಕನ್ನಡದಲ್ಲಿ ಹೆಂಗೆ ಬರೆಯೋದು?


ಜೋಗಿಮಟ್ಟಿ ಗಾಳಿ
ಗುರುವಾರ, ರಾತ್ರಿ 9:35

ಇರೀನಾ ಸೊಲೊವ್ಯೋವಾ. ವಾಲೆಂಟೀನಾ ಪೊನೊಮರ್ಯೋವಾ. ತತ್ಯಾನಾ ಕುಜ್ನೆತ್ಸೋವಾ. ಜಾನ್ನಾ ಯೋರ್ಕಿನಾ. ಸೊಲೊವ್ಯೋವಾ ಅವತ್ತು ಬದಲಿಗೆ ಅಂತ ಸೂಟು ಹಾಕ್ಕೊಂಡು ರೆಡಿಯಾಗಿ ಬೈಕನೂರಲ್ಲೇ ಇದ್ರು, ಜಾಗ ಉಳಿದ್ರೆ ಅದನ್ನೂ ಚಾರ್ಟಲ್ಲಿ ಬರೀಲಿ.